ಹದಿನಾಲ್ಕನೆಯ ಡಬ್ಬಿ

ಕೃಷ್ಣಾತನ ಸಕಲ ಅನರ್ಥಗಳಿಗೂ ಮೂಲವಾದದ್ದು ಒಂದು ಕಪ್ಪು ಕನ್ನಡಕ. ಕೊಲ್ಹಾಪುರದ ಹಳೆಬಟ್ಟೆಯ ಬಾಜಾರದಲ್ಲಿ ಮೊಳಕಾಲು ದಾಟುವ ಉಣ್ಣೆಯ ಕೋಟೊಂದನ್ನು ಅವನು ಕೊಂಡಾಗ, ಅಂಗಡಿಯವನು ಸಂತೋಷಕ್ಕೆಂದು ಅದನ್ನು ಮೇಲೆ ಕೊಟ್ಟಿದ್ದ. ಟೊಪ್ಪಿಗೆ ಮಾತ್ರ ಮದುವೆಯ ಬ್ಯಾಂಡಿನಲ್ಲಿ ತುತ್ತೂರಿ ಊದುವ ಗೆಳೆಯನಿಂದ ಎರವಲು ತಂದದ್ದು. ಅದರ ಜರಿಯ ಪಟ್ಟಿಯನ್ನು ಬಿಚ್ಚಿ, ಅಂಚನ್ನು ಹುಬ್ಬಿನವರೆಗೆ ಎಳೆದು, ಕೋಟಿನ ಕಾಲರನ್ನು ಕಿವಿಯವರೆಗೆ ಎತ್ತಿ, ಏಪ್ರಿಲ್ ತಿಂಗಳ ಬೆಂಕಿಯಂಥ ಬಿಸಿಲಿನಲ್ಲಿ ಅವನು ಇಚಲಕರಂಜಿಯ ಬೀದಿಗೆ ಇಳಿದಾಗ, ಕಟ್ಟೆಯ ಮೇಲೆ ಕುಳಿತು ನೂಲಿನ ಕಂಡಿಕೆ ಸುತ್ತುತ್ತಿದ್ದ ನೆರೆಮನೆಯ ಧೊಂಡುಬಾಯಿ ಕೈಕೆಲಸ ನಿಲ್ಲಿಸಿದಳು.

"ಥಂಡೀಜ್ವರ ಬಂದೈತೇನಪಾ ಕೃಷ್ಣಾತ? ಗುಳಿಗಿ ತಗೊಂಡಿ?"

"ಜ್ವರ ಅಲ್ಲ, ಮಾವಶಿ. ಎಚ್ಚರ," ಎಂದು ಅವನು ಬಾಯಿಯ ಒಂದೇ ಮೂಲೆಯಿಂದ ಉತ್ತರಿಸಿದ. ಹಾಗೆ ಮಾತಾಡಬೇಕೆಂಬುದನ್ನು ಅವನು ಆ ವಾರದ ಪತ್ತೇದಾರಿ ಸಿನೆಮಾದ ಎರಡನೆಯ ರೀಲಿನಿಂದ ಕಲಿತಿದ್ದ.

"ಹಲ್ಲನೋವೂ ಐತೇನ?" ಎಂದಳು ಧೊಂಡುಬಾಯಿ.

ಕೃಷ್ಣಾತನ ಉದ್ಯೋಗವೇ ರೀಲು ಹೊರುವುದು. ಅಣ್ಣಾಸಾಹೇಬರಿಗೆ ಎರಡು ಟಾಕೀಜುಗಳಿದ್ದವು, ಒಂದು ಹಾತಕಣಂಗಲೆಯಲ್ಲಿ, ಇನ್ನೊಂದು ಇಚಲಕರಂಜಿಯಲ್ಲಿ. ಆದರೆ ಸಿನೆಮಾ ಮಾತ್ರ ಎರಡಕ್ಕೂ ಸೇರಿ ಒಂದೇ. ಹಾತಕಣಂಗಲೆಯಲ್ಲಿ ಆಟ ಮೊದಲು ಶುರುವಾಗುವುದು; ಅಲ್ಲಿ ತೋರಿಸಿ ಮುಗಿದ ರೀಲುಗಳನ್ನು ತಗಡಿನ ಡಬ್ಬಿಗಳಲ್ಲಿಟ್ಟು, ಲೂನಾ ಮೊಪೆಡ್ಡಿನ ಹಿಂದೆ ಕಟ್ಟಿ, ಅರ್ಧ ತಾಸಿನ ದಾರಿಯನ್ನು ಹಾರಿಬಂದು ಇಚಲಕರಂಜಿಗೆ ಮುಟ್ಟಿಸಬೇಕು. ಹೀಗೆ ಹತ್ತು ವರ್ಷ ಅವನು ನೂರಾರು ಸಿನೆಮಾಗಳನ್ನು ಬೆನ್ನಿಗೆ ಕಟ್ಟಿಕೊಂಡು ಓಡಿದ್ದ. ಆದರೆ ಒಂದರ ಕೊನೆಯನ್ನೂ ಕಂಡವನಲ್ಲ. ಹಾತಕಣಂಗಲೆಯಲ್ಲಿ ಕೊನೆಯ ರೀಲು ಓಡುವಾಗ ಅವನು ದಾರಿಯಲ್ಲಿರುತ್ತಿದ್ದ. ಇಚಲಕರಂಜಿಯಲ್ಲಿ ಅದು ಓಡುವಾಗ, ಮುಂದಿನ ಆಟಕ್ಕೆಂದು ಮೊದಲ ರೀಲುಗಳನ್ನು ಹೊತ್ತು ಮತ್ತೆ ದಾರಿಯಲ್ಲಿರುತ್ತಿದ್ದ. ಅವನ ಪಾಲಿಗೆ ಪ್ರೇಮಿಗಳು ಎಂದೂ ಕೂಡಲಿಲ್ಲ. ಯಾವ ಖಳನಾಯಕನೂ ಸಾಯಲಿಲ್ಲ.

ಇದಕ್ಕೆಲ್ಲ ಮುಕ್ತಾಯ ಹತ್ತಿರ ಬಂದಿತ್ತು. ಇಚಲಕರಂಜಿಯ ಆಪರೇಟರ್ ಗುಂಡು ಕೆಲಸ ಬಿಟ್ಟು ತನ್ನ ಊರಾದ ಗಡಹಿಂಗ್ಲಜಕ್ಕೆ ಹೊರಟು ನಿಂತಿದ್ದ. "ಈ ವಾರ ಒಂದ ರೀಲೂ ತಡಾ ಆಗಬಾರದು. ಆದಿಲ್ಲಂದ್ರ ಕ್ಯಾಬಿನ್ನಿನ ಕೀಲಿ ನಿನಗ," ಎಂದು ಅಣ್ಣಾಸಾಹೇಬರು ಮಾತು ಕೊಟ್ಟಿದ್ದರು. ಕ್ಯಾಬಿನ್ನಿನ ಸಣ್ಣ ಕಿಂಡಿಯ ಮುಂದೆ ಸ್ಟೂಲು ಹಾಕಿಕೊಂಡು ಕುಳಿತು, ಒಂದು ಸಿನೆಮಾವನ್ನಾದರೂ ಮೊದಲಿಂದ ಕೊನೆಯವರೆಗೆ ನೋಡುವ ಭಾಗ್ಯಕ್ಕಿಂತ ದೊಡ್ಡ ಭಾಗ್ಯ ಕೃಷ್ಣಾತನಿಗೆ ಬೇರೆ ಇರಲಿಲ್ಲ. ಹಾತಕಣಂಗಲೆಯ ಟಾಕೀಜಿನ ಬಾಗಿಲು ಕಾಯುವ ಜ್ಞಾನುವಿಗೂ ಅದೇ ಕೀಲಿಯ ಮೇಲೆ ಕಣ್ಣು ಎಂಬುದನ್ನು ಬಲ್ಲವರು ಬಲ್ಲರು.

ಅಂಥ ವಾರದಲ್ಲೇ ಆ ಪತ್ತೇದಾರಿ ಸಿನೆಮಾ ಬಂದಿತು. ಅದರಲ್ಲಿ ಹಗಲೆಂಬುದೇ ಇಲ್ಲ, ಮಳೆ ನಿಲ್ಲುವುದಿಲ್ಲ, ಕಿಟಕಿಯ ಪಟ್ಟಿಗಳ ನೆರಳು ಬಿದ್ದು ಪ್ರತಿಯೊಬ್ಬರ ಮುಖವೂ ಹುಲಿಯ ಮೈಯಂತೆ ಕಾಣುತ್ತದೆ. ಉದ್ದ ಕೋಟಿನ ಪತ್ತೇದಾರ ಯಾರನ್ನೂ ನಂಬುವುದಿಲ್ಲ. ನಂಬುವುದಾದರೂ ಹೇಗೆ? ಹತ್ತನೆಯ ರೀಲಿನಲ್ಲಿ ಅವನಂತೆಯೇ ಕೋಟು ತೊಟ್ಟು, ಅವನದೇ ಮುಖ ಹೊತ್ತ ಖೋಟಾ ಮನುಷ್ಯನೊಬ್ಬ ಬಂದು, "ನಾನೇ ಅವನು" ಎನ್ನುತ್ತಾನೆ. ಕೊಲೆ ಮಾಡಿದವರು ಯಾರೆಂಬುದು ಹದಿನಾಲ್ಕನೆಯ, ಅಂದರೆ ಕೊನೆಯ ಡಬ್ಬಿಯಲ್ಲಿ.

ಆ ಡಬ್ಬಿಗೆ ಅಣ್ಣಾಸಾಹೇಬರು ರಾಜೋಪಚಾರ ವಿಧಿಸಿದ್ದರು. ಹಿಂದೊಮ್ಮೆ ಎಲ್ಲ ಡಬ್ಬಿಗಳೂ ಒಟ್ಟಿಗೆ ಬಂದಾಗ ಗುಂಡು ಕೊನೆಯ ರೀಲನ್ನು ಮೊದಲೇ ಓಡಿಸಿ, ಕೊಲೆ ನಡೆಯುವ ಮುನ್ನವೇ ಕೊಲೆಗಾರನನ್ನು ಜೈಲಿಗೆ ಕಳಿಸಿಬಿಟ್ಟಿದ್ದ. ಅಂದಿನಿಂದ ಕೊನೆಯ ಡಬ್ಬಿ ಒಂಟಿಯಾಗಿ ಬರತಕ್ಕದ್ದು ಎಂಬ ನಿಯಮ. ಸಾಲದ್ದಕ್ಕೆ ಎರಡೂ ಟಾಕೀಜುಗಳ ಹೊರಬಾಗಿಲಲ್ಲಿ ಜೋತಿಬಾ ದೇವರ ಫೋಟೋ ಇಡಿಸಿದ್ದರು. ಆಟ ನೋಡಿ ಬಂದವರು ಅದನ್ನು ಮುಟ್ಟಿ, ಕೊನೆಯನ್ನು ಯಾರಿಗೂ ಹೇಳೆವೆಂದು ಆಣೆ ಮಾಡಿ ಮನೆಗೆ ಹೋಗಬೇಕು. ಜೋತಿಬಾನ ಆಣೆಯನ್ನು ಮುರಿಯುವ ಗಂಡು ಆ ಜಿಲ್ಲೆಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಹೀಗಾಗಿ ಊರಿಗೆ ಊರೇ ಕೊಲೆಗಾರನನ್ನು ಬಲ್ಲುದಾಗಿತ್ತು, ಕೃಷ್ಣಾತನೊಬ್ಬ ಅರಿಯ.

ಅಂದು ವಾರದ ಕೊನೆಯ ದಿನ, ಮಗ್ಗಗಳಿಗೆ ರಜೆ. ಇಚಲಕರಂಜಿಯ ಟಾಕೀಜು ಕಂಡಿಕೆ ತುರುಕಿದ ಚೀಲದಂತೆ ಬಿರಿಯುತ್ತಿತ್ತು. ಹದಿಮೂರು ಡಬ್ಬಿಗಳನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸಿ, ಹದಿನಾಲ್ಕನೆಯದಕ್ಕಾಗಿ ಕೃಷ್ಣಾತ ಹಾತಕಣಂಗಲೆಗೆ ಬಂದಾಗ ಮೂರು ಗಂಟೆ ದಾಟಿತ್ತು. ಅಲ್ಲಿಯ ಆಪರೇಟರ್ ಮಹಾವೀರನ ಹೆಂಡತಿ ರಾಜಮತಿ ಕ್ಯಾಬಿನ್ನಿನ ಮೆಟ್ಟಿಲಿಳಿದು ಬರುತ್ತಿದ್ದಳು.

"ವೈನಿ, ನನ್ನ ಡಬ್ಬಿ?" ಎಂದ ಬಾಯಿಯ ಮೂಲೆಯಿಂದ.

"ಮ್ಯಾಲ ಕಿಡಕ್ಯಾಗ ಐತ್ರಿ. ಇವರು ಕೈ ತೊಳ್ಕೊಳ್ಳಾಕ ಹೋಗ್ಯಾರ. ಅಲ್ಲರಿ, ಕಣ್ಣ ಬಂದಾವೇನು, ಹಿಂತಾ ಚಸ್ಮಾ ಹಾಕೀರಿ?"

ಪತ್ತೇದಾರರು ಇಂಥ ಪ್ರಶ್ನೆಗಳಿಗೆ ಉತ್ತರಿಸುವುದಿಲ್ಲ. ಕ್ಯಾಬಿನ್ನಿನ ಒಳಗೆ ಮೊದಲೇ ಮಬ್ಬುಗತ್ತಲು. ಕಪ್ಪು ಕನ್ನಡಕದೊಳಗಿಂದ ಅದು ಅಮಾವಾಸ್ಯೆ. ಕೃಷ್ಣಾತ ಕಿಟಕಿಯ ಕಟ್ಟೆಯನ್ನು ತಡವಿ, ಕೈಗೆ ಸಿಕ್ಕ ದುಂಡು ಡಬ್ಬಿಯನ್ನು ಬಗಲಲ್ಲಿ ಅವುಚಿಕೊಂಡು ಮೆಟ್ಟಿಲಿಳಿದ. ಯಾಕೋ ಹಗುರವೆನಿಸಿತು. ಕೊಲೆಗಾರ ಸಿಕ್ಕಮೇಲೆ ಕತೆಯ ಭಾರ ಇಳಿಯುವುದು ಸಹಜವೇ ಎಂದು ತಾನೇ ಸಮಾಧಾನ ಹೇಳಿಕೊಂಡ.

ಊರು ದಾಟುವಷ್ಟರಲ್ಲಿ ಮೂರು ನಾಯಿಗಳು ಲೂನಾದ ಹಿಂದೆ ಬಿದ್ದವು. ಹತ್ತು ವರ್ಷಗಳಲ್ಲಿ ಆ ದಾರಿಯ ನಾಯಿಗಳು ಅವನತ್ತ ಮೂಗನ್ನೂ ಎತ್ತಿದ್ದಿಲ್ಲ. 'ಶತ್ರು ಯಾರ್‍ಯಾರನ್ನೆಲ್ಲ ಒಲಿಸಿಕೊಂಡಿದ್ದಾನೆ' ಎಂದು ಕೃಷ್ಣಾತ ಹಲ್ಲು ಕಚ್ಚಿ ಗಾಡಿಯ ಕನ್ನಡಿಯಲ್ಲಿ ನೋಡಿದ. ನಾಯಿಗಳ ಹಿಂದೆ ಒಂದು ಸೈಕಲ್ಲು. ಸೈಕಲ್ಲಿನ ಮೇಲೆ ಜ್ಞಾನು. ಒಂದು ಕೈ ಹ್ಯಾಂಡಲಿನ ಮೇಲೆ. ಇನ್ನೊಂದು, ಮುಳುಗುವವನ ಕೈಯಂತೆ ಗಾಳಿಯಲ್ಲಿ. ಏನನ್ನೋ ಕೂಗುತ್ತಲೂ ಇದ್ದ. ಆದರೆ ಲೂನಾದ ಸದ್ದಿನಲ್ಲಿ ಒಂದಕ್ಷರವೂ ಕೇಳಿಸಲಿಲ್ಲ.

ಕೃಷ್ಣಾತನ ಎದೆ ಹೊಸ ಮಗ್ಗದಂತೆ ಬಡಿದುಕೊಂಡಿತು. ಡಬ್ಬಿ ಕಸಿದು ತಡಮಾಡಿಸಿದರೆ ಕ್ಯಾಬಿನ್ನಿನ ಕೀಲಿ ಯಾರ ಪಾಲು? ಸಂಚು ಕೈಕನ್ನಡಿಯಷ್ಟು ಸ್ಪಷ್ಟವಾಗಿತ್ತು. ಸಿನೆಮಾದ ಪತ್ತೇದಾರನೂ ಇಂಥದೇ ಹೊತ್ತಿನಲ್ಲಿ ಅಸಲು ಪೆಟ್ಟಿಗೆಯನ್ನು ಹೂಮಾರುವ ಮುದುಕಿಯ ಕೈಲಿಟ್ಟು, ಖೋಟಾ ಪೆಟ್ಟಿಗೆಯೊಂದಿಗೆ ಓಡಿದ್ದನಲ್ಲವೆ? ಕೋರೋಚಿಯ ಹತ್ತಿರ ಅವನು ಲೂನಾವನ್ನು ಹಠಾತ್ತನೆ ಮಾಳದ ಕಾಲುದಾರಿಗೆ ಹೊರಳಿಸಿದ.

ಅಲ್ಲಿ ಹೂಮಾರುವವಳಿರಲಿಲ್ಲ. ಹಿಂದಿನ ದಿನವಷ್ಟೇ ಕುರಿಹಿಂಡಿನೊಂದಿಗೆ ಬಂದು ಬೀಡುಬಿಟ್ಟಿದ್ದ ಚೆನ್ನವ್ವನೆಂಬ ಮುದುಕಿ ಗುಡಾರದ ಮುಂದೆ ಕುಳಿತು ಉಣ್ಣೆ ನೂಲುತ್ತಿದ್ದಳು. ಹತ್ತಿರದ್ದು ಕಾಣುವ, ದೂರದ್ದು ಕಾಣದ ಕಣ್ಣುಗಳು ಅವಳವು.

"ಆಯಿ, ಈ ಡಬ್ಬಿ ಒಂದ ಅರ್ಧಾತಾಸ ಇಟ್ಕೋ. ಯಾರಿಗೂ ಕೊಡಬ್ಯಾಡ. ಕೈ ತಪ್ಪಿದ್ರ ನನ್ನ ಜನ್ಮ ಹಾಳಾತು."

"ಕಳವಿನ ಮಾಲ ಅಲ್ಲ ಹೌದಲ್ಲೋ ತಮ್ಮಾ?"

"ಅಲ್ಲಬೇ. ಇನ್ನೊಂದ ಮಾತ ಕೇಳು. ಹಿಂದಿಂದ ಒಬ್ಬಾಂವ ಬರತಾನ. ಮಾರಿ ಥೇಟ ನನ್ನಂಗ ಇರಬಹುದು. ನಾನ ಅಂವ, ಡಬ್ಬಿ ಕೊಡು ಅಂತಾನ. ಕೊಡಬ್ಯಾಡ."

"ನಿಮ್ಮ ತಮ್ಮೇನು?"

"ತಮ್ಮಲ್ಲ, ಖೋಟಾ."

"ಮತ್ತ ಖರೇ ನೀನ ಬಂದ್ರ ಹೆಂಗ ಗುರ್ತ ಹಿಡೀಲಿ?"

ಸಿನೆಮಾದಲ್ಲಿ ಈ ಪ್ರಶ್ನೆಗೆ ಉತ್ತರ ಹದಿನಾಲ್ಕನೆಯ ಡಬ್ಬಿಯಲ್ಲಿತ್ತು. ಕೃಷ್ಣಾತ ಅದನ್ನು ನೋಡಿರಲಿಲ್ಲ. "ಕೋಟ ನೋಡು," ಎಂದ. "ಅಷ್ಟಕ್ಕೂ ನಂಬಿಗಿ ಬರಲಿಲ್ಲಂದ್ರ, ಡಬ್ಬ್ಯಾಗ ಏನೈತಿ ಅಂತ ಕೇಳು. ಖರೇ ಇದ್ದಾಂವ ಬರೋಬ್ಬರಿ ಹೇಳತಾನ."

"ಏನೈತಿ?"

"ಅದನ್ನ ಮಾತ್ರ ಕೇಳಬ್ಯಾಡ," ಎಂದವನೇ, ಒಲೆಯ ಪಕ್ಕದಲ್ಲಿ ಒರಗಿಸಿದ್ದ ಅವಳ ರೊಟ್ಟಿ ಸುಡುವ ಹಂಚನ್ನು ಎತ್ತಿ, ಟಾವೆಲ್ಲಿನಲ್ಲಿ ಸುತ್ತಿ ಲೂನಾಕ್ಕೆ ಕಟ್ಟಿಕೊಂಡ. ದೂರದಿಂದ ನೋಡುವವರಿಗೆ ಅದು ಅಸಲು ರೀಲಿನ ಡಬ್ಬಿಯೇ. "ಹಂಚ ಯಾಕೋ?" ಎಂದು ಚೆನ್ನವ್ವ ಏಳುವಷ್ಟರಲ್ಲಿ ಪತ್ತೇದಾರ ಧೂಳಾಗಿದ್ದ.

ಮಾಳದ ಅಂಚಿನ ಬದನೆಯ ತೋಟದಲ್ಲಿ ಲೂನಾ ಮಲಗಿಸಿ ಅವನು ಹಣಿಕಿ ನೋಡಿದ. ಜ್ಞಾನು ಹೆದ್ದಾರಿಯ ಕವಲಿನಲ್ಲಿ ನಿಂತು ನಾಲ್ಕು ದಿಕ್ಕಿಗೂ ಕೂಗುತ್ತಿದ್ದ. ಅವನನ್ನು ಅಲ್ಲಿಯೇ ಕಟ್ಟಿಹಾಕಲು ಕೃಷ್ಣಾತನಿಗೆ ಒಂದು ಉಪಾಯ ಹೊಳೆಯಿತು. ತೋಟದ ನಡುವೆ ಹಕ್ಕಿಗಳನ್ನು ಬೆದರಿಸಲು ನಿಲ್ಲಿಸಿದ ಬೊಂಬೆಯೊಂದಿತ್ತು: ಅಡ್ಡಕಟ್ಟಿದ ಎರಡು ಕೋಲು, ಮೇಲೊಂದು ಮಡಕೆ. ಕೋಟು, ಟೊಪ್ಪಿಗೆ, ಕಪ್ಪು ಕನ್ನಡಕಗಳನ್ನು ಅದಕ್ಕೆ ತೊಡಿಸಿ ತಾನು ಬದನೆಯ ಸಾಲಿನಲ್ಲಿ ಬೋರಲಾದ. ಬೊಂಬೆಗೆ ಆ ಉಡುಪು ಅವನಿಗಿಂತ ಚೆನ್ನಾಗಿಯೇ ಒಪ್ಪಿತು.

ಬದನೆಯ ಮುಳ್ಳುಗಳೊಂದಿಗೆ ಕಾಲು ತಾಸು ಕಳೆಯಿತು. ಜ್ಞಾನು ಬೊಂಬೆಯತ್ತ ಒಮ್ಮೆಯೂ ನೋಡಲಿಲ್ಲ. ಕೊನೆಗೆ ನೂಲು ಹೇರಿದ ಟ್ರಕ್ಕೊಂದನ್ನು ಕೈಯಡ್ಡ ಮಾಡಿ ನಿಲ್ಲಿಸಿ, ಸೈಕಲ್ಲನ್ನೂ ಹತ್ತಿಸಿ, ತಾನೂ ಹತ್ತಿ ಹೊರಟುಹೋದ. 'ಶತ್ರು ಸೋತ,' ಎಂದುಕೊಂಡು ಕೃಷ್ಣಾತ ಎದ್ದು ನಿಂತ. ಸಮಯ ಮೂರೂಮುಕ್ಕಾಲು. ಬಿಸಿಲಿಗೆ ಬೆಂದಿದ್ದರಿಂದ ಆ ಕೋಟನ್ನು ಮತ್ತೆ ತೊಡುವ ಧೈರ್ಯವಾಗಲಿಲ್ಲ. ಸಂಜೆ ಒಯ್ದರಾಯಿತೆಂದು ಗುಡಾರಕ್ಕೆ ಧಾವಿಸಿದ.

"ಆಯಿ, ಡಬ್ಬಿ ಕೊಡು. ಲಗೂನ."

ಚೆನ್ನವ್ವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅಂಗಿ ತೊಯ್ದಿತ್ತು. ಮುಖಕ್ಕೆಲ್ಲ ಕೆಮ್ಮಣ್ಣು ಮೆತ್ತಿತ್ತು.

"ಯಾರಪಾ ನೀ?"

"ನಾನ. ಈಗಿನ್ನೂ ಕೊಟ್ಟ ಹೋಗಿದ್ನೆಲ್ಲ."

ಮುದುಕಿ ಹಿಂದಿರುಗಿ ಕೂಗಿದಳು. "ಹಾಲಸಿದ್ದಾ, ಬಾರೋ ಇಲ್ಲಿ. ಅಂವ ಹೇಳಿದ್ದ ಬರೋಬ್ಬರಿ ಆತು. ಖೋಟಾ ಬಂದಾನ."

ಗುಡಾರದ ಹಿಂದಿನಿಂದ ಅವಳ ಮಗ ಹಾಲಸಿದ್ದ ಬಂದ. ಕೈಯಲ್ಲಿ ಆಳೆತ್ತರದ ಕೋಲು, ಕಾಲಬಳಿ ಕರುವಿನಷ್ಟು ನಾಯಿ.

"ಮಾರಿ ಹಂಗ ಐತೇನಬೇ?"

"ಥೇಟ ಹಂಗ. ಭಾಳ ಚಲೋ ಮಾಡ್ಯಾರ," ಎಂದಳು ಚೆನ್ನವ್ವ ಮೆಚ್ಚುಗೆಯಿಂದ.

"ಆಯಿ, ನಾನಬೇ ಖರೇ ಇದ್ದಾಂವ."

"ಹಂಗ ಅಂತಾನ ಅಂತನೂ ಹೇಳಿದ್ದಾ ಪಾಪ. ಕೋಟ ಎಲ್ಲೈತಿ?"

ಕೃಷ್ಣಾತ ಬದನೆಯ ತೋಟದತ್ತ ಕೈ ಮಾಡಿದ. ಹಾಲಸಿದ್ದ ಹಣೆಗೆ ಕೈ ಹಿಡಿದು ದಿಟ್ಟಿಸಿದ.

"ಕೋಟ ಒಂದ ಅಲ್ಲಬೇ, ಕೋಟಿನಾಂವನೂ ಅಲ್ಲೇ ಅದಾನ. ಟೊಪಗೀನೂ ಐತಿ."

"ಅದು ಬೊಂಬಿ," ಎಂದು ಕೃಷ್ಣಾತ ಹಲುಬಿದ.

"ಇಷ್ಟೊತ್ತು ಬಿಸಲಾಗ ಅಲುಗದ ನಿಂತಾನ. ನಿನ್ನಂಗ ವಟವಟ ಅನ್ನಾಕತ್ತಿಲ್ಲ. ಖರೇ ಮನಿಶ್ಯಾ ಅಂದ್ರ ಹಂಗ ಇರತಾನ."

"ಇರಲಿ ತಡಿ, ಹಾಲಸಿದ್ದಾ. ಕೇಳಿ ನೋಡೂನು," ಎಂದು ಚೆನ್ನವ್ವ ನ್ಯಾಯಕ್ಕೆ ಕುಳಿತವಳಂತೆ ಸೆರಗು ಸರಿಪಡಿಸಿಕೊಂಡಳು. "ಹೇಳು, ಡಬ್ಬ್ಯಾಗ ಏನೈತಿ?"

ಕೃಷ್ಣಾತನ ಮುಖ ಅರಳಿತು. ತನ್ನ ಜಾಣತನ ಸಮಯಕ್ಕೆ ಒದಗಿಬಂದಿತಲ್ಲ ಎಂದು ಬೆನ್ನು ನೆಟ್ಟಗಾಯಿತು. "ಸಿನೆಮಾದ ಕೊನೀ ಭಾಗ. ಹದಿನಾಲ್ಕನೇ ರೀಲು."

ತಾಯಿ ಮಗ ಒಬ್ಬರನ್ನೊಬ್ಬರು ನೋಡಿದರು.

"ಇನ್ನೊಂದ ಸಲ ವಿಚಾರ ಮಾಡಿ ಹೇಳು," ಎಂದಳು ಚೆನ್ನವ್ವ.

"ವಿಚಾರ ಏನ ಮಾಡೂದೈತಿ? ಕೊಲಿ ಮಾಡ್ದಾಂವ ಯಾರು ಅನ್ನೂದ ಅದರಾಗ ಐತಿ."

"ಕೊಲಿ ಅಂತ," ಎಂದು ಹಾಲಸಿದ್ದ ಕೋಲನ್ನು ಕೈ ಬದಲಿಸಿದ. "ಹತ್ರಾನೂ ಹೋಗಲಿಲ್ಲಬೇ ಇಂವ."

ಇವರನ್ನೂ ಶತ್ರು ಒಲಿಸಿಕೊಂಡಿದ್ದಾನೆಂದು ಕೃಷ್ಣಾತನಿಗೆ ಖಾತ್ರಿಯಾಯಿತು. ಇಚಲಕರಂಜಿಯಲ್ಲಿ ಹದಿಮೂರನೆಯ ರೀಲು ಆಗಲೇ ಸುತ್ತುತ್ತಿರಬೇಕು. ಹತ್ತು ವರ್ಷಗಳ ಆಸೆ ಆ ಗುಡಾರದ ಬಾಯಲ್ಲಿ ಕಂಬಳಿಯ ಮೇಲೆ ದುಂಡಗೆ ಕುಳಿತಿತ್ತು. ಅವನು ಕಣ್ಣು ಮುಚ್ಚಿ ಹಾರಿ ಡಬ್ಬಿಯನ್ನು ಬಾಚಿಕೊಂಡು ಓಡಿದ. ಹಾಲಸಿದ್ದನ ಕೋಲು ಬೆನ್ನಿಗೆ ಎರಡು ಬಾರಿ ತಗುಲಿತು. ನಾಯಿ ಅವನ ಪ್ಯಾಂಟಿನ ಹಿಂಭಾಗದಿಂದ ಕರವಸ್ತ್ರದಷ್ಟು ಪಾಲು ಪಡೆಯಿತು. ಮುನ್ನೂರು ಕುರಿಗಳು, ಏನೋ ಮಹತ್ತಾದುದು ನಡೆದಿದೆಯೆಂದು ತಿಳಿದು ಬ್ಯಾ ಎನ್ನುತ್ತ ಅವನ ಜೊತೆಗೇ ಓಡಿದವು. ಪೆಡಲು ತುಳಿದು ತುಳಿದು ಲೂನಾಕ್ಕೆ ಜೀವ ಬಂದಾಗ ಹಿಂದಿನಿಂದ ಚೆನ್ನವ್ವ ಕೂಗುತ್ತಿದ್ದುದು ಒಂದೇ ಮಾತು: "ನನ್ನ ಹಂಚೋ."

ಟಾಕೀಜಿನ ಅಂಗಳ ಮುಟ್ಟಿದಾಗ ನಾಲ್ಕೂಕಾಲು ದಾಟಿತ್ತು. ರೊಚ್ಚಿಗೆದ್ದ ಜನ ಕುರ್ಚಿ ಮುರಿಯುತ್ತಿರಬಹುದೆಂದು ಅವನು ಕಿವಿಗೊಟ್ಟ. ಎಲ್ಲವೂ ಶಾಂತ. ಬಾಗಿಲುಗಳು ತೆರೆದಿದ್ದವು. ಜನ ಒಬ್ಬೊಬ್ಬರಾಗಿ ಜೋತಿಬಾನ ಫೋಟೋ ಮುಟ್ಟಿ, ತುಟಿ ಹೊಲಿದುಕೊಂಡವರಂತೆ ಮುಗುಳ್ನಗುತ್ತ ಹೊರಬರುತ್ತಿದ್ದರು. ಮೆಟ್ಟಿಲ ಮೇಲೆ ಅಣ್ಣಾಸಾಹೇಬರು ನಿಂತಿದ್ದರು.

"ಮಾಲಕರ, ತಂದೇನ್ರಿ," ಎಂದು ಕೃಷ್ಣಾತ ಏದುಸಿರು ಬಿಟ್ಟ. "ವೈರಿ ಬೆನ್ನ ಹತ್ತಿದ್ದಾ, ಆದ್ರೂ ಬಿಡಲಿಲ್ಲ."

"ಕಾಯ ಆಣಲಂಸ ರೇ ಬಾಬಾ? ಏನ ತಂದೀ?"

"ಕೊನೀ ಭಾಗರಿ."

"ಕೊನೀ ಭಾಗ ಮುಗದ ಹತ್ತ ನಿಮಿಷ ಆತು."

ಅವರ ಹಿಂದಿನಿಂದ ಜ್ಞಾನು ಮೆಟ್ಟಿಲಿಳಿದು ಬಂದ. ಅವನ ಬೆರಳಿನಲ್ಲಿ ಕ್ಯಾಬಿನ್ನಿನ ಕೀಲಿ ತಿರುಗುತ್ತಿತ್ತು. ಗುಂಡು ಅದನ್ನು ಒಪ್ಪಿಸಿ, ರೀಲನ್ನು ತಿರುಗಿ ಸುತ್ತುವ ಗೋಜಿಗೂ ಹೋಗದೆ, ಗಡಹಿಂಗ್ಲಜದ ಬಸ್ಸು ಹಿಡಿದಿದ್ದ.

"ಹಾತಕಣಂಗಲಿಯಿಂದ ಕೋರೋಚಿತನಕ ಒದರಿ ಒದರಿ ನನ್ನ ಗಂಟ್ಲಾ ಹೋತು," ಎಂದ ಜ್ಞಾನು. "ಡಬ್ಬಿ ತಪ್ಪಿ ಒಯ್ದೀಪಾ, ರೀಲು ನನ್ನ ಕಡೆ ಐತಿ, ನಿಂದರು ಅಂತ. ಇಂವ ನಿಂದರತಾನೇನು? ಕಡೀಕ ಟ್ರಕ್ ಹಿಡದ ನಾನ ತಂದ ಕೊಟ್ಟೆ."

ಕೃಷ್ಣಾತ ಬಗಲಿನ ಡಬ್ಬಿಯನ್ನು ನೋಡಿದ. ಅಣ್ಣಾಸಾಹೇಬರು ಅದನ್ನು ಇಸಿದುಕೊಂಡು ಮುಚ್ಚಳ ತೆಗೆದರು. ಒಳಗೆ ಹುಣ್ಣಿಮೆಯ ಚಂದ್ರನಂಥ ಜೋಳದ ರೊಟ್ಟಿಗಳು. ಮೇಲೆ ಝುಣಕ, ಒಂದು ಉಳ್ಳಾಗಡ್ಡಿ, ಹಸಿಮೆಣಸಿನಕಾಯಿಯ ಖಾರ.

"ರಾಜಮತಿ ವೈನೀದು," ಎಂದ ಜ್ಞಾನು. "ಹಳೇ ರೀಲಿನ ಡಬ್ಬಿ ಆಕೀ ರೊಟ್ಟಿಗೆ ಬರೋಬ್ಬರಿ ಅಳತಿ ಆಕ್ಕೈತಿ ಅಂತ ಮಹಾವೀರಣ್ಣಗ ದಿನಾ ಅದರಾಗ ಬುತ್ತಿ ತರತಾಳ. ಆದ್ರ ದಿನಾ ನಾಕ ರೊಟ್ಟಿ ಇರತಾವಲ್ಲ, ಇವು ಮೂರ ಅದಾವ."

"ನಾಕನೇದು ನಾ ತಿಂದೇನಿ, ಕಾದದ್ದಕ್ಕ," ಎಂಬ ದನಿ ಗೇಟಿನಿಂದ ಬಂತು. ಹಾಲಸಿದ್ದನ ಸೈಕಲ್ಲಿನ ಹಿಂದಿನಿಂದ ಚೆನ್ನವ್ವ 'ಉಶ್' ಎನ್ನುತ್ತ ಇಳಿಯುತ್ತಿದ್ದಳು. "ಗುರ್ತ ಕೇಳಬೇಕಂದ್ರ ಒಳಗ ಏನೈತಿ ಅನ್ನೂದು ನನಗ ಗೊತ್ತಿರಬೇಕಲ್ಲರಿ? ತಗದ ನೋಡಿದೆ, ರೊಟ್ಟಿ ಝುಣಕ. ಈ ಮನಿಶ್ಯಾನ್ನ ಕೇಳಿದ್ರ ಸಿನೆಮಾ ಐತಿ ಅಂತಾನ. ಡಬ್ಬಿ ಯಾರದರ ಇರಲಿ, ನನ್ನ ಹಂಚ ಕೊಡಸ್ರಿ."

ಅಂಗಳ ತುಂಬ ನಗೆಯೆದ್ದಿತು. ಹಂಚು ಒಡತಿಗೆ ಸೇರಿತು. ಕೃಷ್ಣಾತ ಅಣ್ಣಾಸಾಹೇಬರ ಮುಖ ನೋಡಿದ. ಅವರು ಕೀಲಿಯ ಕಡೆ ನೋಡಿದರು. ಆ ಮಾತು ಅಲ್ಲಿಗೆ ಮುಗಿಯಿತು.

"ಜ್ಞಾನು," ಎಂದು ಅವನು ಕಡೆಗೆ ದೀನನಾಗಿ ಕೇಳಿದ. "ಕೀಲಿ ಹೋತು, ಹೋಗಲಿ. ಕೊಲಿ ಮಾಡ್ದಾಂವ ಯಾರು, ಅದಷ್ಟ ಹೇಳಪಾ."

ಜ್ಞಾನು ಕಿವಿಯ ತುದಿ ಮುಟ್ಟಿಕೊಂಡ. "ಜೋತಿಬಾನ ಆಣಿ ಮಾಡೇನಿ."

ಜನರ ನಡುವಿನಿಂದ ಬಂದ ಧೊಂಡುಬಾಯಿಯೂ ಬಲ್ಲವರ ನಗೆ ನಕ್ಕಳು. "ಬೆವತಿ ನೋಡು. ಜ್ವರಾ ಬಿಟ್ಟತು," ಎಂದು ಅವನ ಹಣೆ ಮುಟ್ಟಿ ಹೋದಳು.

"ಅಲ್ಲಿ ಮಹಾವೀರ ಉಪಾಸ ಕುಂತಾನ, ಸಂಜೀ ಆಟಕ್ಕ ಮಂದಿ ಬಂದ ನಿಂತಾರ," ಎಂದರು ಅಣ್ಣಾಸಾಹೇಬರು. "ಹದಿನಾಲ್ಕೂ ಒಮ್ಮೆಲೇ ಒಯ್ಯಿ. ಬುತ್ತಿ ಹದಿನೈದನೇದು. ನಡೀ."

ಗೋಣಿಚೀಲ ಹೇರಿಕೊಂಡ ಲೂನಾ ಬಸುರಿ ಎಮ್ಮೆಯಂತೆ ಹೊರಟಿತು. ಕೋರೋಚಿಯ ಬಳಿ ಬಂದಾಗ ಸೂರ್ಯ ಮಾಳದ ಅಂಚಿಗೆ ಇಳಿದಿದ್ದ. ಕೋಟನ್ನಾದರೂ ಉಳಿಸಿಕೊಳ್ಳೋಣವೆಂದು ಕೃಷ್ಣಾತ ಬದನೆಯ ತೋಟದ ಬದುವಿನಲ್ಲಿ ಗಾಡಿ ನಿಲ್ಲಿಸಿದ. ನಿಲ್ಲಿಸಿದವನಿಗೆ ಹೊಳೆಯಿತು: ಗುಂಡು ರೀಲನ್ನು ತಿರುಗಿ ಸುತ್ತಿಲ್ಲ, ಹಾಗಾದರೆ ಸಿನೆಮಾದ ಕೊನೆಯೇ ಸುರುಳಿಯ ಹೊರಮೈಯಲ್ಲಿದೆ.

ಅವನು ಹದಿನಾಲ್ಕನೆಯ ಡಬ್ಬಿ ತೆರೆದು, ಎರಡು ಮಾರು ಫಿಲ್ಮು ಬಿಚ್ಚಿ, ಇಳಿಹೊತ್ತಿನ ಸೂರ್ಯನಿಗೆ ಅಡ್ಡ ಹಿಡಿದ. ಕಡ್ಡಿಪೆಟ್ಟಿಗೆಯಷ್ಟೂ ಇಲ್ಲದ ಚಿತ್ರಗಳು. ಮಳೆ ಸುರಿಯುತ್ತಿತ್ತು. ಪೊಲೀಸರು ಒಬ್ಬನಿಗೆ ಕೈಕೋಳ ತೊಡಿಸಿ ಒಯ್ಯುತ್ತಿದ್ದರು. ಕೊಲೆಗಾರ, ಕಟ್ಟಕಡೆಗೂ. ಮೊಳಕಾಲು ದಾಟುವ ಕೋಟು, ಹುಬ್ಬಿಗೆಳೆದ ಟೊಪ್ಪಿಗೆ, ಕಪ್ಪು ಕನ್ನಡಕ. ಇನ್ನೆರಡು ಮಾರು ಬಿಚ್ಚಿದ. ಅದೇ ಕೋಟು, ಅದೇ ಟೊಪ್ಪಿಗೆ. ಅದು ಪತ್ತೇದಾರನೋ, ಅವನಂತೆ ಕಾಣುವ ಖೋಟಾನೋ, ಆ ಚಿತ್ರಗಳಿಂದ ಹೇಳುವುದು ಬ್ರಹ್ಮನಿಗೂ ಸಾಧ್ಯವಿರಲಿಲ್ಲ.

ಅಷ್ಟರಲ್ಲಿ ಕಾಲುದಾರಿಯಲ್ಲಿ ಹಂಚು ಬಗಲಿಗಿಟ್ಟುಕೊಂಡು ಚೆನ್ನವ್ವ ಬಂದಳು. ಹಾಲಸಿದ್ದ ಅವಳನ್ನು ರಸ್ತೆಯಲ್ಲಿಳಿಸಿ ಕುರಿ ಕೂಡಿಹಾಕಲು ಹೋಗಿದ್ದ. ಬದುವಿನಲ್ಲಿ ಫಿಲ್ಮಿನೊಳಗೆ ಸಿಕ್ಕಿಕೊಂಡು ಕುಳಿತವನನ್ನು ಅವಳು ಒಮ್ಮೆ ನೋಡಿದಳು, ಮುಖ ತಿರುವಿದಳು. ಅನಂತರ ಬದನೆಗಿಡಗಳ ನಡುವೆ ಟೊಪ್ಪಿಗೆ ತೊಟ್ಟು ಅಲುಗದೆ ನಿಂತಿದ್ದ ಆಕೃತಿಯತ್ತ ತಿರುಗಿ, ಕೈ ಜೋಡಿಸಿ, ನೊಂದ ದನಿಯಲ್ಲಿ ಹೇಳಿದಳು:

"ತಪ್ಪ ತಿಳೀಬ್ಯಾಡಪಾ ತಮ್ಮಾ. ನಾ ಭಾಳ ಕಾದೆ. ಆದ್ರ ನಿನ್ನ ಡಬ್ಬಿ ಕಡೀಕ ಈ ಖೋಟಾನ ಕೈಗೇ ಹೋತು."